ಬಾಯಿ ಇಲ್ಲದವಳಲ್ಲ: ಕಲಬುರಗಿ ದಾಲ್ ಮಿಲ್ ಆಫೀಸಿನ ಒಂದು ಪ್ರಕರಣ

2024ರ ಡಿಸೆಂಬರ್. ಹೊಸ ತೊಗರಿ ಸಗಟು ಮಾರುಕಟ್ಟೆಯಾದ ಗಂಜ್‌ಗೆ ಬರಲು ಶುರುವಾಗಿತ್ತು. ಅದೇ ಹೊತ್ತಿಗೆ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಬಿ.ಕಾಂ ಹುಡುಗಿ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದಳು. ಜನವರಿ ಮಧ್ಯದ ಹೊತ್ತಿಗೆ ಕೆಲಸ ಬಿಡುತ್ತೇನೆ ಅಂತ ಹೊರಟು ನಿಂತಿದ್ದಳು. ಸಂಬಳದ ತಕರಾರಿಲ್ಲ. ಯಾರೂ ಕೆಟ್ಟದಾಗಿ ನಡೆದುಕೊಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಚೆನ್ನಾಗಿ ಬರುತ್ತಿತ್ತು. "ನನಗ ಅಲ್ಲಿ ಬಾಯೇ ಬರಂಗಿಲ್ರಿ" ಅನ್ನುವುದು ಅವಳು ಕೊಟ್ಟ ಕಾರಣ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಜೊತೆ ಮೊದಲ ಕೆಲವು ತಿಂಗಳು ಮಾತಾಡುತ್ತಾ ಇರುವುದು ನನ್ನ ಕೆಲಸ. ಹೀಗೆ ಹೊರಟು ನಿಲ್ಲುವವರು ಕಡಿಮೆ ಏನಿಲ್ಲ. ಇವಳ ಪ್ರಕರಣವನ್ನೇ ಆರಿಸಿ ಬರೆಯಲು ಕಾರಣ, ಇದರಲ್ಲಿ ಸಮಸ್ಯೆ ಎಲ್ಲಿತ್ತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಹೆಸರು ಬೇಡ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. 'ಹುಡುಗಿ' ಅಂತಲೇ ಬರೆಯುತ್ತೇನೆ. ಮಿಲ್‌ನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು, ಹೆಸರು ಯಾರಿಗೂ ನೆನಪಿರಲಿಲ್ಲ. ಅದೂ ಸಮಸ್ಯೆಯ ಒಂದು ಭಾಗವೇ.

ಆಫೀಸು ಹೇಗಿತ್ತು

ಕಲಬುರಗಿ ಅಂದರೆ ತೊಗರಿ ಕಣಜ. ಇಲ್ಲಿಯ ಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ಊರಿನದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಬೇಳೆ ಹೈದರಾಬಾದ್, ಸೋಲಾಪುರ, ಬೆಂಗಳೂರು ಎಲ್ಲ ಕಡೆ ಹೋಗುತ್ತದೆ. ಹಾಗಾಗಿ ಮಿಲ್ ಆಫೀಸಿನ ಫೋನಿನಲ್ಲಿ ಕನ್ನಡ ಅರ್ಧ. ಉಳಿದದ್ದು ಹಿಂದಿ, ದಖನಿ, ನಡುವೆ ಮರಾಠಿ. ಹಂಗಾಮಿನಲ್ಲಿ ಆ ಫೋನು ಸುಮ್ಮನೆ ಕೂರುವುದೇ ಇಲ್ಲ. ಗಂಜ್‌ನ ಅಡತಿ (ದಲಾಲಿ) ಅಂಗಡಿಯವರು, ಲಾರಿ ಡ್ರೈವರ್‌ಗಳು, ಬೇಳೆ ಕೊಳ್ಳುವ ಪಾರ್ಟಿಗಳು, ಹಮಾಲರ ಮೇಸ್ತ್ರಿ, ಒಬ್ಬರಲ್ಲ ಒಬ್ಬರು.

ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ, ಅರವತ್ತು ದಾಟಿದ ಮುನೀಮರು, ಇಬ್ಬರು ಹುಡುಗರು, ಬಂದು ಹೋಗುವ ಸೂಪರ್‌ವೈಸರ್. ಇವಳೊಬ್ಬಳೇ ಹೆಣ್ಣು. ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಹಿಂದಿನ ಶೆಡ್ಡಿನಲ್ಲಿದ್ದರು. ಅವರ ಕಡೆ ಹೋಗಲು ಇವಳಿಗೆ ಕೆಲಸವಿಲ್ಲ, ಇವಳ ಕಡೆ ಬರಲು ಅವರಿಗೆ ಕೆಲಸವಿಲ್ಲ.

ಅವಳ ದಿನ ಹೀಗೆ ಸಾಗುತ್ತಿತ್ತು. ಬಂದು ಕೂತರೆ ತಲೆ ಎತ್ತುತ್ತಿರಲಿಲ್ಲ. ಫೋನು ಬಾರಿಸಿದರೆ ಏನೋ ಹುಡುಕುವವಳ ಹಾಗೆ ಕಪಾಟಿನ ಕಡೆ ಎದ್ದು ಹೋಗುವಳು. ಊಟಕ್ಕೆ ಕರೆದರೆ "ಹಸಿವಿಲ್ರಿ". ಎಲ್ಲರೂ ಹೋದ ಮೇಲೆ ಡಬ್ಬಿ ಬಿಚ್ಚಿ, ಗಬಗಬ ತಿಂದು ಮುಚ್ಚುವಳು. ಗೊತ್ತಾಗದ್ದನ್ನು ಕೇಳುತ್ತಿರಲಿಲ್ಲ, ಹಳೆಯ ಬಿಲ್ ತೆಗೆದು ಅದರಂತೆ ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಹುಡುಗರು, ಮುನೀಮರು ಗೇಟಿನ ಹತ್ತಿರ ಚಹಾ ಕುಡಿಯುತ್ತಾ ನಿಲ್ಲುತ್ತಾರೆ. ಇವಳು ಅಷ್ಟರೊಳಗೆ ಬಸ್ ಸ್ಟಾಪಿನಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಅಂಥ ಯಾವ ಬಸ್ಸಾದರೂ ಹತ್ತಬಹುದು. ಒಳ್ಳೆಯದೇ. ಆದರೆ ಇವಳಿಗೆ ಅದು ಬೇಗ ಓಡಿಹೋಗುವ ದಾರಿಯೂ ಆಗಿತ್ತು.

ಅರವತ್ತು ಕಿಲೋ

ಜನವರಿಯ ಒಂದು ದಿನ ತೊಗರಿಯ ಲಾರಿ ಬಂತು. ಗಾಡಿ ತೂಗುವ ವೇಬ್ರಿಜ್‌ನ ಚೀಟಿ ಇವಳ ಮೇಜಿಗೆ ಬಂತು. ತುಂಬಿದ ಗಾಡಿ 15,840 ಕೆಜಿ, ಖಾಲಿ ಗಾಡಿ 5,620. ಕಳೆದರೆ 10,220. ಅಡತಿಯ ಬಿಲ್ಲಿನಲ್ಲಿ 10,280 ಅಂತಿತ್ತು.

ಅವಳು ಅದನ್ನು ನೋಡಿದ್ದಳು. ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಮ್ಮೆ ಕಳೆದೂ ನೋಡಿದ್ದಳು. ಆಮೇಲೆ, "ಇವರದೇನೋ ಬ್ಯಾರೆ ಲೆಕ್ಕ ಇರಬೇಕು" ಅಂದುಕೊಂಡು ಬಿಲ್ಲಿನಲ್ಲಿದ್ದಂತೆ ಎಂಟ್ರಿ ಹಾಕಿದಳು. ಹಣ ಹೋಯಿತು. ವಾರದ ಲೆಕ್ಕ ತಾಳೆ ನೋಡುವಾಗ ಮುನೀಮರಿಗೆ ಸಿಕ್ಕಿತು. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಅದರಂತೆ ಹಿಡಿದರೂ 60 ಕಿಲೋಗೆ 4,530 ರೂಪಾಯಿ. ಅಡತಿಯವರು ಮುಂದಿನ ಬಿಲ್ಲಿನಲ್ಲಿ ಮುರಿದುಕೊಂಡರು, ನಷ್ಟವೇನೂ ಆಗಲಿಲ್ಲ.

ಆದರೆ ಮುನೀಮರು ಎಲ್ಲರ ಎದುರಿಗೆ ಕೇಳಿದರು, "ಕಣ್ಣಿಗಿ ಕಂಡದ ಅಂತಿ. ಬಾಯಿ ಬಿಟ್ಟು ಹೇಳ್ಲಿಕ್ಕ ಏನಾಗಿತ್ತು ನಿಂಗ?"

ಅವಳು ಸುಮ್ಮನೆ ನಿಂತಳು. ಸಂಜೆ ಮನೆಗೆ ಹೋಗಿ ಅಪ್ಪನ ಮುಂದೆ ಅತ್ತಳು. ಅಪ್ಪ ಹೇಳಿದ್ದು ನಮ್ಮ ಕಡೆ ಎಲ್ಲ ಅಪ್ಪಂದಿರೂ ಹೇಳುವುದೇ, "ಬಿಡವಾ. 371(ಜೆ) ಅದ, ಸರ್ಕಾರಿ ನೌಕರಿಗಿ ಓದು." ಸಂವಿಧಾನದ ಆ ವಿಧಿಯಂತೆ 2013ರಿಂದ ಜಾರಿಯಲ್ಲಿರುವ ಮೀಸಲಾತಿಯಿಂದ ಈ ಭಾಗದ ಮಕ್ಕಳಿಗೆ ಆಗಿರುವ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದರಿ ಕೆಲಸ ಬಿಡುವವರಿಗೆ ಮರ್ಯಾದೆಯಿಂದ ಹೊರಬರುವ ಬಾಗಿಲೂ ಅದೇ. ಪರೀಕ್ಷೆಗೆ ಓದುತ್ತಿದ್ದೇನೆ ಅಂದರೆ ಯಾರೂ ಮುಂದೆ ಕೇಳುವುದಿಲ್ಲ. ಹೆದರಿಕೆ ಮಾತ್ರ ಹಾಗೇ ಉಳಿಯುತ್ತದೆ. ನಾಳೆ ಸರ್ಕಾರಿ ಆಫೀಸಿನಲ್ಲೂ ಫೋನು ಇರುತ್ತದೆ, ಅಲ್ವಾ?

ಊರಿನಲ್ಲಿ ಬೇರೆಯೇ ಹುಡುಗಿ

ಅವಳ ಊರಿಗೆ ಹೋಗಿದ್ದೆ. ಅಲ್ಲಿ ಕಂಡದ್ದು ಈ ಪ್ರಕರಣವನ್ನೇ ತಿರುಗಿಸಿತು.

ಅವಳ ಅವ್ವ ಸ್ತ್ರೀಶಕ್ತಿ ಗುಂಪಿನಲ್ಲಿದ್ದಾರೆ. ಗುಂಪಿನ ಪುಸ್ತಕ ಬರೆಯುವವಳು ಇವಳೇ. ಅವತ್ತು ಸಭೆ ಇತ್ತು. ಗುಡಿಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂತಿದ್ದರು. ಇವಳು ಪುಸ್ತಕ ಬಿಚ್ಚಿ ಒಬ್ಬೊಬ್ಬರ ಹೆಸರು ಕೂಗಿ ಕಂತು ಕೇಳುತ್ತಿದ್ದಳು. ಕಂತು ತಪ್ಪಿಸಿದ ಹಿರಿಯಾಕೆಯೊಬ್ಬರಿಗೆ, "ದೊಡ್ಡವ್ವ, ಹೋದ ತಿಂಗಳೂ ಮುಂದಿನ ವಾರ ಅಂದಿದ್ದಿ. ಬ್ಯಾಂಕಿನಾವ್ರು ನಿನ್ನ ವಾರ ಕಾಯಂಗಿಲ್ಲ" ಅಂದಳು. ಎಲ್ಲರೂ ನಕ್ಕರು. ಆ ದೊಡ್ಡವ್ವನೂ ನಕ್ಕು ಸೆರಗಿನ ಗಂಟು ಬಿಚ್ಚಿದರು. ಸಾಲದ ವಿಚಾರಕ್ಕೆ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗುವವಳೂ ಇವಳೇ ಅಂತ ಆಮೇಲೆ ಗೊತ್ತಾಯಿತು.

ಅಂದರೆ ಈ ಹುಡುಗಿಗೆ ಬಾಯಿ ಇದೆ. ಲೆಕ್ಕದಲ್ಲಿ ತಪ್ಪು ಕಂಡರೆ ಎದುರಿಗೇ ಹೇಳುವ ಗುಂಡಿಗೆಯೂ ಇದೆ. ಕಪನೂರಿಗೆ ಬಂದ ಕೂಡಲೇ ಅದು ಎಲ್ಲಿ ಹೋಯಿತು?

ಧೈರ್ಯ ಒಬ್ಬರ ಮೈಯೊಳಗೆ ಇರುವ ಸರಕು, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಅಂತ ನಾವು ಮಾತಾಡುತ್ತೇವೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬೇರೆ ಮಾತು ಹೇಳಿದ್ದರು. 'ಇದು ನನ್ನಿಂದಾಗುತ್ತದೆ' ಅನ್ನುವ ನಂಬಿಕೆ ಆಯಾ ಕೆಲಸಕ್ಕೆ, ಆಯಾ ಸಂದರ್ಭಕ್ಕೆ ಅಂಟಿಕೊಂಡದ್ದು. ಅದು ಮುಖ್ಯವಾಗಿ ಬೆಳೆಯುವುದು ಸ್ವಂತ ಮಾಡಿ ಗೆದ್ದ ಅನುಭವದಿಂದ. ನಮ್ಮಂಥವರೇ ಮಾಡುವುದನ್ನು ನೋಡುವುದು ಅದಕ್ಕೆ ಸಹಾಯ. ಬೇರೆಯವರು ಹುರಿದುಂಬಿಸುವ ಮಾತಿನ ಬಲ ಕಡಿಮೆ. ಇವಳಿಗೆ ಎಲ್ಲರೂ ಕೊಡುತ್ತಿದ್ದದ್ದು ಆ ಕಡಿಮೆ ಬಲದ್ದನ್ನೇ, "ಧೈರ್ಯ ಮಾಡವಾ, ಧೈರ್ಯ ಮಾಡು". ಮಾಡಿ ಗೆಲ್ಲುವ ಸಣ್ಣ ಅವಕಾಶ ಯಾರೂ ಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಅವಳಿಗೆ ಪ್ರತಿಯೊಬ್ಬರ ಹೆಸರು, ಸಾಲ, ಸಿಟ್ಟು, ನೆವ ಎಲ್ಲ ಗೊತ್ತು. ಮಿಲ್‌ನಲ್ಲಿ ಏನೂ ಗೊತ್ತಿಲ್ಲ. 'ಫಟಕಾ' (ಬೇಳೆಯ ಒಂದು ದರ್ಜೆ), 'ಚುನ್ನಿ' ಅಂತ ದಿನವೂ ಎಂಟ್ರಿ ಹಾಕುತ್ತಿದ್ದವಳು ಆ ಮಿಲ್ಲಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ!

ಇನ್ನೊಂದು ವಿಷಯ. ಕಪಾಟಿನ ಕಡೆ ಎದ್ದು ಹೋಗುವುದು, ಹಸಿವಿಲ್ಲ ಅನ್ನುವುದು, ಬೇಗ ಬಸ್ಸು ಹಿಡಿಯುವುದು, ಇವೆಲ್ಲ ಅವಳು ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಉಪಾಯಗಳು. ಅವೇ ಅವಳನ್ನು ಕಟ್ಟಿಹಾಕಿದ್ದವು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕದ ಬಗ್ಗೆ ಬರೆದಾಗ ಇದನ್ನೇ ಒತ್ತಿ ಹೇಳಿದರು. ಫೋನು ಎತ್ತದೆ ಉಳಿದರೆ ಅವತ್ತಿನ ಮಟ್ಟಿಗೆ ನೆಮ್ಮದಿ. ಆದರೆ ಎತ್ತಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ತಿಳಿಯುವ ಅವಕಾಶವೂ ಹೋಯಿತು. ಹೆದರಿಕೆ ನಿಜವೋ ಸುಳ್ಳೋ ಅಂತ ಪರೀಕ್ಷೆಯೇ ಆಗುವುದಿಲ್ಲ. ಜೊತೆಗೆ, ಹಸಿವಿಲ್ಲ ಅಂತ ದಿನಾ ಹೇಳುವವಳನ್ನು ಉಳಿದವರು ಏನಂದುಕೊಳ್ಳುತ್ತಾರೆ? ಆಫೀಸಿನ ಹುಡುಗನೊಬ್ಬ ನನಗೆ ಹೇಳಿದ, "ಅಕ್ಕಗ ಭಾಳ ಸೊಕ್ಕು ಅದ ಅಂತ ತಿಳ್ಕೊಂಡಿದ್ವಿ ಸರ್."

ಮಾಡಿದ್ದು

ಮುನೀಮರ ಜೊತೆ ಮೊದಲು ಮಾತಾಡಿದೆ. ಒರಟು ಮನುಷ್ಯರಲ್ಲ. "ನಾ ಕೆಲಸ ಕಲ್ತಿದ್ದು ಬೈಗುಳ ತಿಂದೇ" ಅಂದರು. ಅವರಿಗೆ ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿಯ ವಿಚಾರ ಹೇಳಿದೆ. ಆಕೆ ತೊಂಬತ್ತರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಿತ್ತು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಯಾಕೆಂದರೆ ಅಲ್ಲಿ ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಮುನೀಮರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಇನ್ನೂ ಎಷ್ಟು ಅರವತ್ತು ಕಿಲೋ ಹೋಗ್ಯಾವೋ" ಅಂದರು. ಅವರಿಗೆ ತಟ್ಟಿದ್ದು ಹಣದ ಕಡೆಯಿಂದ. ಇರಲಿ, ತಟ್ಟಿತಲ್ಲ.

ಮರುದಿನ ಮುಂಜಾನೆ ಅವರು ಅವಳನ್ನು ಮಿಲ್ಲಿನೊಳಗೆ ಕರೆದುಕೊಂಡು ಹೋದರು. ತೊಗರಿ ಸುರಿಯುವ ಗುಂಡಿ, ಕಲ್ಲು ಕಸ ತೆಗೆಯುವ ಜರಡಿ, ಸಿಪ್ಪೆ ಸಡಿಲ ಆಗಲಿ ಅಂತ ಎಣ್ಣೆ ಹಚ್ಚಿ ಬಿಸಿಲಿಗೆ ಹರವುವ ಕಣ, ಸಿಪ್ಪೆ ಬಿಡಿಸಿ ಒಡೆಯುವ ರೋಲರ್, ಬಣ್ಣ ನೋಡಿ ಕೆಟ್ಟ ಕಾಳು ಹಾರಿಸುವ ಸಾರ್ಟೆಕ್ಸ್. ಬೇಳೆಯ ಜೊತೆ ಬೀಳುವ ನುಚ್ಚು ಪುಡಿ ದನದ ಮೇವಿಗೆ ಹೋಗುತ್ತದೆ, ಅದು ಚುನ್ನಿ. ಅವಳು ಒಂದು ಮುಷ್ಟಿ ಎತ್ತಿ ನೋಡಿ, "ಇದಾ ಏನ್ರಿ? ನಮ್ಮ ಎಮ್ಮಿಗಿ ಹಾಕ್ತೀವಲ್ಲ!" ಅಂದಳಂತೆ. ಮುನೀಮರು ಇದನ್ನು ನಗುತ್ತಾ ಎಲ್ಲರಿಗೂ ಹೇಳಿದರು. ಹಸನು ಮಾಡುವ ಹೆಣ್ಣುಮಕ್ಕಳಲ್ಲಿ ಒಬ್ಬರು ಅವಳ ಪಕ್ಕದ ಊರಿನವರೇ ಅಂತ ಅವತ್ತೇ ಗೊತ್ತಾಯಿತು. ಆ ಒಂದು ಸುತ್ತಿನಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ ಅಂತ ನನಗನಿಸುತ್ತದೆ. ಹೊಸಬರನ್ನು ಕುರ್ಚಿಗೆ ತಂದು ಕೂರಿಸುವ ಮೊದಲೇ ಮಾಡಬೇಕಾದ ಕೆಲಸ ಅದು. ಎಷ್ಟು ಕಡೆ ಮಾಡುತ್ತಾರೆ?

ಆಮೇಲೆ ಫೋನು. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮಾಡಿಕೊಂಡೆವು. ಮೊದಲು ಲಾರಿ ಡ್ರೈವರ್‌ಗೆ ತಾನೇ ಫೋನು ಹಚ್ಚಿ ಗಾಡಿ ನಂಬರ್ ಕೇಳುವುದು. ಕನ್ನಡದಲ್ಲೇ, ಒಂದೇ ಪ್ರಶ್ನೆ. ಅದು ರೂಢಿಯಾದ ಮೇಲೆ ಗಂಜ್‌ನ ಅಡತಿ ಅಂಗಡಿಗೆ. ನಂತರ ಹೈದರಾಬಾದಿನ ಪಾರ್ಟಿಗೆ ಹಿಂದಿಯಲ್ಲಿ, ಮೂರು ಸಾಲು ಬರೆದಿಟ್ಟುಕೊಂಡು. ಕೊನೆಗೆ ಬರುವ ಫೋನು ಎತ್ತುವುದು. ಅದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಆ ಕಡೆಯವರು ಏನು ಕೇಳುತ್ತಾರೆ ಅಂತ ಗೊತ್ತಿರುವುದಿಲ್ಲ.

ಪ್ರತಿ ಫೋನಿಗೆ ಮೊದಲು ಏನಾಗಬಹುದು ಅಂತ ಹೆದರಿಕೆ ಇದೆಯೋ ಅದನ್ನು ಬರೆಯಬೇಕು, ಮುಗಿದ ಮೇಲೆ ಏನಾಯಿತು ಅಂತ ಬರೆಯಬೇಕು. ಅವಳ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ:

"ಹೆದರಿಕೆ: ಹಿಂದಿ ತಪ್ಪಿದರೆ ನಗುತ್ತಾರೆ. ನನ್ನ ದನಿ ನಡುಗುವುದು ಗೊತ್ತಾಗುತ್ತದೆ.
ಆಗಿದ್ದು: ಗಾಡಿ ಎಷ್ಟಕ್ಕೆ ಬಿಡುತ್ತದೆ ಅಂತ ಕೇಳಿದರು. ಹೇಳಿದೆ. ಠೀಕ್ ಹೈ ಅಂದು ಇಟ್ಟರು.
ಹೆದರಿಕೆ: ನನಗೆ ಗೊತ್ತಿಲ್ಲದ್ದು ಕೇಳಿದರೆ?
ಆಗಿದ್ದು: ಕೇಳಿದರು. 'ದೋ ಮಿನಿಟ್ ಮೆ ಪೂಛ್ ಕೆ ಬತಾತೀ ಹ್ಞೂ' ಅಂದೆ. ಏನೂ ಅನ್ನಲಿಲ್ಲ. ಮತ್ತೆ ಫೋನು ಹಚ್ಚಿ ಹೇಳಿದೆ."

ಇದರಲ್ಲಿ 'ದೋ ಮಿನಿಟ್' ಅನ್ನುವ ಸಾಲು ಮುನೀಮರೇ ಹೇಳಿಕೊಟ್ಟದ್ದು. ಅವರೂ ದಿನಾ ಅದನ್ನೇ ಹೇಳುತ್ತಾರೆ ಅಂತ ಅವಳು ಆಗ ಗಮನಿಸಿದಳು. ಇಷ್ಟು ವರ್ಷ ಕೆಲಸ ಮಾಡಿದವರಿಗೂ ಎಲ್ಲವೂ ಗೊತ್ತಿರುವುದಿಲ್ಲ, ಗೊತ್ತಿಲ್ಲ ಅಂತ ಹೇಳಲು ಅವರಿಗೆ ಒಂದು ಮಾತು ಇರುತ್ತದೆ ಅಷ್ಟೇ.

ದನಿ ನಡುಗುವುದು ಎಲ್ಲರಿಗೂ ಕಾಣುತ್ತದೆ ಅನ್ನುವ ಹೆದರಿಕೆ ಬೇಗ ಹೋಗಲಿಲ್ಲ. ಅದಕ್ಕೆ 2000ದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದ ಕಥೆ ಹೇಳಿದೆ. ಕಾಲೇಜು ಹುಡುಗರಿಗೆ ನಾಚಿಕೆ ಆಗುವಂಥ ಗಾಯಕನ ಚಿತ್ರದ ಟೀ ಶರ್ಟ್ ಹಾಕಿಸಿ, ಜನ ಕೂತ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನೋಡಿರುತ್ತಾರೆ ಅಂತ ಆ ಹುಡುಗರ ಅಂದಾಜು. ನಿಜವಾಗಿ ನೋಡಿದವರು ಕಾಲು ಭಾಗದ ಆಸುಪಾಸು. ಅವಳು ಕೇಳಿ, "ಆ ಕಾಲು ಭಾಗದಾವ್ರು ನೋಡಿದ್ರಲ್ರಿ ಮತ್ತ?" ಅಂದಳು. ಲೆಕ್ಕದ ಹುಡುಗಿ, ಸುಮ್ನೆ ಬಿಡುವವಳಲ್ಲ. ಹೌದು, ನೋಡಿದರು. ನೋಡಿ ಏನು ಮಾಡಿದರು? ತಮ್ಮ ಕೆಲಸ ಮಾಡಿದರು.

ಕೇಳುವುದಕ್ಕೂ ಒಂದು ರೀತಿ ಕಂಡುಕೊಂಡಳು. ಬರಿಗೈಯಲ್ಲಿ ಹೋಗಿ ನಿಂತರೆ ಮಾತು ಸಿಗುವುದಿಲ್ಲ. ಎರಡೂ ಕಾಗದ ಹಿಡಿದು, ಕೂಡದ ಅಂಕಿಗೆ ಪೆನ್ಸಿಲ್ ಸುತ್ತು ಹಾಕಿ, "ಕಾಕಾ, ಇವೆರಡೂ ಕೂಡವಲ್ಲವು, ಒಮ್ಮಿ ನೋಡ್ರಿ" ಅನ್ನುವುದು. ಕಾಗದ ನೋಡುವಾಗ ಯಾರೂ ಮುಖ ನೋಡುವುದಿಲ್ಲ. ಇದು ಅವಳದೇ ಉಪಾಯ. ನಾನು ಈಗ ಬೇರೆಯವರಿಗೂ ಹೇಳುತ್ತೇನೆ.

ಡಬ್ಬಿ ಸರಿಹೋದದ್ದು ತಾನಾಗಿಯೇ. ಒಂದು ದಿನ ಎಲ್ಲರ ಜೊತೆ ಕೂತಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪುಂಡಿಪಲ್ಯ ಅವಳಿಗೆ ಉಳಿಯಲಿಲ್ಲ. ಮರುದಿನದಿಂದ ಹುಡುಗರು ಹೆಸರು ಹಿಡಿದು ಕರೆಯತೊಡಗಿದರು.

ಉಪಯೋಗಕ್ಕೆ ಬಾರದ್ದು

ಇವಳು ಮಿಲ್ ಸೇರುವ ಮೊದಲೇ ದುಡ್ಡು ಕಟ್ಟಿ ಮಾತುಗಾರಿಕೆಯ ಕ್ಲಾಸಿಗೆ ಹೋಗಿದ್ದಳು. ಅಲ್ಲಿ ಕನ್ನಡಿ ಮುಂದೆ ನಿಂತು "ನಾನು ಗೆಲ್ಲುತ್ತೇನೆ" ಅಂತ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದರಂತೆ. ಮಿಲ್ ಆಫೀಸಿನಲ್ಲಿ ಇಂಗ್ಲಿಷ್ ಯಾರೂ ಆಡುವುದಿಲ್ಲ. ಅವಳಿಗೆ ಬೇಕಿದ್ದದ್ದು ಫೋನಿನಲ್ಲಿ ಸಾಕಾಗುವಷ್ಟು ಹಿಂದಿ ಮತ್ತು ವೇಬ್ರಿಜ್ ಚೀಟಿ ಓದಲು ಬರುವುದು. ಹೋಗುವ ಜಾಗದಲ್ಲಿ ಏನು ನಡೆಯುತ್ತದೆ ಅಂತ ಕೇಳದೆ ಧೈರ್ಯ ಕಲಿಸುವ ಕ್ಲಾಸುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಫೆಬ್ರವರಿಯಲ್ಲಿ ಮಿಲ್ ಮಾಲೀಕ ಸೇಠ್ ಮನೆಯ ಮದುವೆ ಇತ್ತು. ಹೋದಳು. ದೊಡ್ಡ ಮಂಟಪ, ನೂರಾರು ಜನ, ಆಫೀಸಿನವರು ಇನ್ನೂ ಬಂದಿರಲಿಲ್ಲ. ಒಂದು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದು, ಊಟವನ್ನೂ ಮಾಡದೆ ಮನೆಗೆ ಹೋದಳು. ಮರುದಿನ ಸೋತವಳ ಮುಖ. ಆಫೀಸಿನಲ್ಲಿ ಬಂದ ಧೈರ್ಯ ಮಂಟಪಕ್ಕೆ ಹೋಗಲಿಲ್ಲ, ಕಟ್ಟೆಯ ಧೈರ್ಯ ಆಫೀಸಿಗೆ ಬಾರದೆ ಇದ್ದ ಹಾಗೇ. ಮುಂದಿನ ಸಲ ಹಸನು ಮಾಡುವ ಹೆಣ್ಣುಮಕ್ಕಳ ಜೊತೆ ಹೋಗು, ಬಡಿಸುವವರಿಗೆ ಕೈ ಜೋಡಿಸು ಅಂತ ಹೇಳಿದೆ. ಕೆಲಸ ಕೈಯಲ್ಲಿದ್ದರೆ ಮಾತು ಹಿಂದೆ ಬರುತ್ತದೆ. ಮದುವೆ ಮನೆಯ ಗದ್ದಲ ಅವಳಿಗೆ ಈಗಲೂ ಇಷ್ಟವಿಲ್ಲ. ಇಷ್ಟ ಆಗಲೇಬೇಕು ಅಂತಲೂ ಇಲ್ಲ.

ಇವಳದು ಹೊಸ ಜಾಗದ ಅಂಜಿಕೆ. ಎಲ್ಲರದೂ ಇದೇ ಅಲ್ಲ. ಕೆಲವರಿಗೆ ಎಲ್ಲಿ ಹೋದರೂ, ತಿಂಗಳುಗಟ್ಟಲೆ, ಎದೆ ಬಡಿತ, ಬೆವರು, ನಿದ್ದೆ ಇಲ್ಲದಿರುವುದು ಬಿಡುವುದೇ ಇಲ್ಲ. ಮನೆಯಿಂದ ಹೊರಬೀಳುವುದೇ ನಿಂತುಹೋಗುತ್ತದೆ. ಅಂಥವರಿಗೆ ಮೆಟ್ಟಿಲು, ನೋಟ್‌ಬುಕ್ ಸಾಲದು, ವೈದ್ಯರನ್ನು ನೋಡಬೇಕು. 2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈಗ

ಮಾರ್ಚ್‌ನಲ್ಲಿ ಸೋಲಾಪುರದ ಪಾರ್ಟಿಯೊಬ್ಬರು ಫೋನಿನಲ್ಲಿ ಸಿಟ್ಟಾದರು. 25 ಕೆಜಿ ಪ್ಯಾಕಿಗೆ ಟ್ಯಾಕ್ಸ್ ಹಾಕಿದ್ದೀರಿ, ಹೋದ ಸಲದ 30 ಕೆಜಿ ಚೀಲಕ್ಕೆ ಹಾಕಿರಲಿಲ್ಲ, ಇದ್ಯಾವ ಲೆಕ್ಕ ಅಂತ. ಮುನೀಮರು ಗಂಜ್‌ಗೆ ಹೋಗಿದ್ದರು. ಫೋನು ಇವಳ ಕೈಯಲ್ಲಿತ್ತು. 2022ರ ಜುಲೈ 18ರಿಂದ ಲೇಬಲ್ ಹಾಕಿದ 25 ಕೆಜಿವರೆಗಿನ ಬೇಳೆ ಪ್ಯಾಕಿಗೆ ಶೇಕಡ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಹರಕುಮುರಕು ಹಿಂದಿಯಲ್ಲೇ ಹೇಳಿದಳು. ಅವರು ವಾದ ಮಾಡಿದರು, ಇವಳು ಮತ್ತೊಮ್ಮೆ ಹೇಳಿದಳು. ದನಿ ಸ್ವಲ್ಪ ಏರಿತ್ತಂತೆ. "ಥೇಟ್ ದೊಡ್ಡವ್ವನ ಸಂಗಟ ಮಾತಾಡ್ದಂಗ ಆಯ್ತ್ರಿ" ಅಂದಳು ನನಗೆ.

ಈಗ ಬರುವ ಫೋನು ಮೊದಲು ಎತ್ತುವವಳು ಅವಳೇ. ಮರಾಠಿ ಬಂದರೆ ಹುಡುಗರಿಗೆ ಕೊಡುತ್ತಾಳೆ. ಬಸ್ಸು ಒಂದು ತಪ್ಪಿದರೂ ನಡೆಯುತ್ತದೆ, ಚಹಾ ಕುಡಿದು ಹೋಗುತ್ತಾಳೆ.

ಸೇಠ್ ಹತ್ತಿರ ಸಂಬಳ ಜಾಸ್ತಿ ಮಾಡಿ ಅಂತ ಕೇಳುವ ಮಾತು ಇನ್ನೂ ಬಾಕಿ ಇದೆ. ಅದಕ್ಕೂ ಮೂರು ಸಾಲು ಬರೆದಿಟ್ಟಿದ್ದಾಳೆ, ನನಗೆ ತೋರಿಸಿದಳು. ಮೂರನೇ ಸಾಲಿನಲ್ಲಿ ಎಷ್ಟು ಅನ್ನುವ ಜಾಗ ಖಾಲಿ ಇತ್ತು. ಯಾಕೆ ಅಂತ ಕೇಳಿದರೆ, "ಎಷ್ಟು ಕೇಳಿದ್ರ ಕೊಡ್ತಾರ ಅಂತ ಮುನೀಮ ಕಾಕಾಗ ಕೇಳಿ ಹಾಕ್ತೀನ್ರಿ" ಅಂದಳು.